ಜಟ್‌ಲ್ಯಾಂಡಿನ ತುದಿಗೆ

"ಹಲೋ... ಯಾರು ಮಾತಾಡ್ತಿರೋದು? ಅನೂಪಾ? ಇದ್ಯಾರ ನಂಬರೋ? ಯಾರ ಹತ್ರಾನೋ ಫೋನ್ ಇಸ್ಕೊಂಡ್ಯಾ? ಸರಿ, ಸ್ಕಾಗೆನ್ ತಲುಪಿದ್ಯಾ?"

...

"ಹಾಂ? ರೆಂಡ್ಸ್‌ಬುರ್ಗಾ? ಅದಿನ್ನೂ ಜರ್ಮನಿ ಅಲ್ವೇನೋ! ಅಪ್ಪನ ಅಸ್ಥಿ ಇಟ್ಕೊಂಡು ಅಲ್ಲೇನ್ ಮಾಡ್ತಿದೀಯ?"

ದಕ್ಷಿಣ ಜರ್ಮನಿಯ ಕಾರ್ಲ್ಸ್‌ರುಹೆಯ ತನ್ನ ಅಡುಗೆಮನೆಯಲ್ಲಿ ಕೀರ್ತಿಗೆ ಪಿತ್ತ ನೆತ್ತಿಗೇರಿತು. ಅಪ್ಪ ದ್ವಾರಕನಾಥ ಮೈಸೂರಿನಲ್ಲಿ ಭೂಗೋಳದ ಮೇಷ್ಟ್ರು. ತಮ್ಮ ಅಸ್ಥಿಯಲ್ಲಿ ಒಂದು ಪಾಲು ಕಾವೇರಿಗೆ, ಇನ್ನೊಂದು ಜರ್ಮನಿಯ ಗಡಿಯಾಚೆ ಎರಡು ಕಡಲು ಕೂಡುವ ಜಟ್‌ಲ್ಯಾಂಡಿನ ತುದಿ ಸ್ಕಾಗೆನ್‌ಗೆ ಎಂದು ಬಾಯಿಬಿಟ್ಟು ಕೇಳಿದ್ದರು. ಹೆಣ್ಣುಮಕ್ಕಳು ಅದನ್ನೆಲ್ಲ ಮಾಡಬಾರದೆಂದು ಅಮ್ಮ ಅಸ್ಥಿಯ ಕುಡಿಕೆಯನ್ನು ಜರ್ಮನಿಯಲ್ಲೇ ಕೆಲಸಕ್ಕಿದ್ದ ತಮ್ಮ ಅನೂಪನ ಕೈಗೇ ಕೊಟ್ಟಿದ್ದರು. ಆ ಸಿಟ್ಟೇ ಇನ್ನೂ ಆರಿರಲಿಲ್ಲ.

"ಕಾಲುವೆನಾ? ಆ ಕಡೆ ನಾರ್ತ್ ಸೀ, ಈ ಕಡೆ ಬಾಲ್ಟಿಕ್, ಎರಡೂ ನೀರು ಸೇರುತ್ತೆ, ಅದಕ್ಕೆ ಸಂಗಮಾನಾ? ನಾಚ್ಕೆ ಆಗಲ್ವಾ? ಮನುಷ್ಯರು ತೋಡಿದ ಕಾಲುವೆ ಕಣೋ ಅದು! ಹಡಗು ಓಡಾಡೋ ಗಲೀಜು ನೀರು!"

...

"ಎಲ್ಲಾ ಒಂದೇ ಪರ್ಯಾಯದ್ವೀಪ ಅಂತ ನಂಗೇ ಪಾಠ ಹೇಳ್ಬೇಡ. ಬುಡದಲ್ಲಿ ಹಿಂದೆ ಆಂಗ್ಲರು ಅನ್ನೋ ಬುಡಕಟ್ಟು, ಇಂಗ್ಲೆಂಡಿನ ಹೆಸರು ಬಂದಿದ್ದೇ ಅವರಿಂದ. ಮೇಲೆ ಜ್ಯೂಟರು, ಅವರ ನಾಡು ಜಟ್‌ಲ್ಯಾಂಡ್. ತುದೀಲಿ ಸ್ಕಾಗೆನ್, ಅಂದ್ರೆ ಮುಂದಕ್ಕೆ ಚಾಚಿರೋದು... ಹಾಸಿಗೆ ಹಿಡಿದಾಗ್ಲೂ ಅಪ್ಪ ಹೊದಿಕೆ ಮೇಲೆ ಬೆರಳಲ್ಲಿ ಬರೆದು ತೋರಿಸ್ತಿದ್ರು, ಅಲ್ವಾ? ಅಲ್ಲಿಗೆ ಹೋಗೋಕೆ ನಿಂಗೇನು ಧಾಡಿ?"

...

"ಬಾರ್ಡರಲ್ಲಿ ಚೆಕ್ ಮಾಡಿದ್ರೆ ಮಾಡ್ಲಿ. ರೆಸಿಡೆನ್ಸ್ ಪರ್ಮಿಟ್ ಇದೆಯಲ್ಲ... ಇಲ್ವಾ? ಇಲ್ಲ ಅಂದ್ರೆ? ಕೆಲಸ ಹೋಯ್ತಾ? ಯಾವಾಗ? ಅಪ್ಪನ ಕಾರ್ಯ ಮುಗಿಸಿ ಇಂಡಿಯಾದಿಂದ ಬಂದ್ಮೇಲಾ?... ರಿನ್ಯೂ ಆಗೋ ತನಕ ಜರ್ಮನಿ ಬಿಟ್ಟು ಹೋಗೋ ಹಾಗಿಲ್ವಾ?"

...

"ಇದನ್ನ ನನ್ ಹತ್ರ ಯಾಕೋ ಮುಚ್ಚಿಟ್ಟೆ? ಅಕ್ಕ ಅನ್ನೋಳು ಸತ್ತೋಗಿದ್ಲಾ?"

ಆ ಕಡೆಯಿಂದ ಅಳು ಕೇಳಿಸಿತು. ಅದಕ್ಕೂ ಅವಳಿಗೆ ಸಿಟ್ಟೇ ಬಂತು, ಆದರೂ ಒಲೆ ಆರಿಸಿ ಬ್ಯಾಗಿಗೆ ಕೈಹಾಕಿದಳು.

"ಅಳ್ಬೇಡ, ಸಾಕು. ಅಲ್ಲೇ ಇರು. ಈಗ್ಲೇ ಟ್ರೈನ್ ಹತ್ತಿ ಬರ್ತೀನಿ. ಕುಡಿಕೆ ನನ್ ಕೈಗೆ ಕೊಡು, ನಾನು ಬಾರ್ಡರ್ ದಾಟ್ತೀನಿ. ಅಮ್ಮ ಏನಾದ್ರೂ ಅಂದ್ಕೊಳ್ಳಲಿ, ಹೆಣ್ಮಗಳೇ ಬಿಡ್ತಾಳೆ."

...

"ಅನೂಪ್? ಕುಡಿಕೆ ಭದ್ರವಾಗಿದೆ ತಾನೆ?"

...

"ಹಾಂ? ಜೋರಾಗಿ ಹೇಳು... ಬಿಟ್ಟಾಯ್ತಾ? ಆ ಕಾಲುವೆಗೆ ಬಿಟ್ಟು ಆಮೇಲೆ ನಂಗೆ ಫೋನ್ ಮಾಡಿದ್ಯಾ?"

...

"ಒಂದ್ ಮಾತು ಕೇಳ್ಬಾರ್ದಿತ್ತೇನೋ? ನಾನು ಹೋಗ್ತಿದ್ನಲ್ಲೋ... ನಾನೂ ಅಪ್ಪನ ಮಗಳು ಕಣೋ... ಹಲೋ? ಅನೂಪ್? ಹಲೋ—"

ಲೈನು ಕಡಿದುಹೋಗಿತ್ತು.