ಯಾದಿಯಲ್ಲಿ ಬಿಟ್ಟುಹೋದ ಹುಸೇನಮಾ

ಹೆಡ್‌ಮಾಸ್ತರರೇ, ಮನೋಳಿಯ ಹಿರಿಯರೇ, ಮಕ್ಕಳೇ, ಎಲ್ಲರಿಗೂ ನಮಸ್ಕಾರ. ನಮ್ಮನ್ನು ಅಗಲಿದ ಹುಸೇನಮಾಳ ಯಜಮಾನರು, ಮುಂದೆ ಕುಳಿತಿರುವ ಇಮಾಮಹುಸೇನಣ್ಣಾ, ಮಗ ಶಹಬಾಜ, ಸೊಸೆ ತಬಸ್ಸುಮ್ — ನಿಮ್ಮ ಮುಖ ನೋಡಿ ಮಾತಾಡುವುದೇ ಕಷ್ಟವಾಗಿದೆ. ನಾನು ಭಾಷಣ ಮಾಡಿದವಳಲ್ಲ. ಹದಿನೆಂಟು ವರ್ಷ ಹುಸೇನಮಾಳ ಜೊತೆ ಈ ಶಾಲೆಯ ಬಿಸಿಯೂಟ ಬೇಯಿಸಿದ ಕೃಷ್ಣವ್ವ, ಅಷ್ಟೇ. ಅಕ್ಕಿ ಚೀಲದ ಮೇಲಿನ ಅಕ್ಷರ ಕೂಡಿಸಿ ಕೂಡಿಸಿ ಓದು ಕಲಿತವಳು. ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅವಳು ಹೇಗಿದ್ದಳೆಂದು ಮಕ್ಕಳನ್ನೇ ಕೇಳಿ. ಸಾರಿಗೆ ಉಪ್ಪು ಹೆಚ್ಚಾದ ದಿನ, “ಕೃಷ್ಣವ್ವಕ್ಕ ಇವತ್ತ ಸೊಸಿ ಕೂಡ ಜಗಳಾಡಿ ಬಂದಾಳ, ಸಿಟ್ಟೆಲ್ಲಾ ಸಾರಿನಾಗ ಐತಿ, ನೀರ ಕುಡೀರಿ” ಎನ್ನುತ್ತಿದ್ದಳು. ನಾನೂ ನಗಬೇಕಾಗುತ್ತಿತ್ತು.

ಮಲಪ್ರಭೆ ಊರೊಳಗೆ ನುಗ್ಗಿದ ವರ್ಷ ನೀವು ಮರೆತಿಲ್ಲ. ಹೊಳೆದಂಡೆಯಲ್ಲಿದ್ದ ಅವರ ಮಣ್ಣಿನ ಮನೆ — ಹೀಗೆ — ನಿಂತಲ್ಲೇ ಕುಸಿಯಿತು. ಉಟ್ಟ ಬಟ್ಟೆಯಲ್ಲಿ ಈ ಶಾಲೆಗೆ ಬಂದರು. ಶಾಲೆಯೇ ಗಂಜಿ ಕೇಂದ್ರ. ಗಂಡನನ್ನೂ ಮಗನನ್ನೂ ಎರಡನೆಯ ತರಗತಿಯ ಕೋಣೆಯಲ್ಲಿ ಕೂರಿಸಿ, ಹಸಿ ಸೀರೆಯಲ್ಲೇ ಅವಳು ಅಡುಗೆ ಕೋಣೆಗೆ ಬಂದಳು.

“ಹೋಗಿ ಕುಂದ್ರ ತಾಯಿ, ಇವತ್ತ ನೀನೂ ಉಣ್ಣಾಕ ಬಂದಾಕಿ” ಎಂದೆ.

“ಕುಂತರ ಅಳು ಬರತೈತಿ ಅಕ್ಕಾ. ಸೌಟು ಕೊಡಿಲ್ಲೆ” ಎಂದಳು.

ಹನ್ನೊಂದು ದಿನ — ಹನ್ನೊಂದು ದಿನ, ಮನೆ ಕಳೆದುಕೊಂಡವಳು ಮನೆ ಕಳೆದುಕೊಂಡವರಿಗೆ ಬಡಿಸಿದಳು.

ಇಮಾಮಹುಸೇನಣ್ಣಾ, ಈಗ ಹೇಳುವುದು ನಿಮಗೂ ಗೊತ್ತಿಲ್ಲ. ನಾಲ್ಕನೆಯ ದಿನ ಅಪ್ಪ-ಮಗ ಇಬ್ಬರೂ ಕೆಸರಿನಲ್ಲಿ ಪಾತ್ರೆ ಹುಡುಕಲು ಹೋಗಿದ್ದಿರಿ. ಯಾದಿ ಬರೆಯುವವರು ಬಂದು, ಸಾಲಿನಲ್ಲಿ ಕೂತವರ ಹೆಸರು ಬರೆದುಕೊಂಡು, ಅಡುಗೆ ಕೋಣೆಗೂ ಇಣುಕಿದರು. ನಾನೇ ದೊಡ್ಡ ದನಿಯಲ್ಲಿ ಹೇಳಿದೆ: “ಇಲ್ಲೆ ಎಲ್ಲಾ ನಮ್ಮ ಅಡಿಗಿಯವರರಿ ಸಾಹೇಬ್ರ, ಸಂತ್ರಸ್ತರು ಹೊರಗ ಕುಂತಾರ.” ಹುಸೇನಮಾ ಪಕ್ಕದಲ್ಲೇ ಇದ್ದಳು. ದಿನಾ ಬೆಳಿಗ್ಗೆ ಮಕ್ಕಳ ಸಂಖ್ಯೆ ಬರೆದು ಕಳಿಸುತ್ತಾರಲ್ಲ, ಹಾಗೆ ಇದೂ ಊಟದ ಯಾದಿ ಎಂದುಕೊಂಡೆವು, ಇಬ್ಬರೂ.

ಅದು ಮನೆ ಬಿದ್ದವರಿಗೆ ಮನೆ ಕೊಡುವ ಯಾದಿಯಾಗಿತ್ತು.

ಆಮೇಲೆ ಐದು ವರ್ಷ ತಗಡಿನ ಶೆಡ್ಡು. ಪಾತ್ರೆ ತೊಳೆದಿಟ್ಟು ಸವದತ್ತಿಯ ತಾಲೂಕು ಕಚೇರಿಗೆ ಬಸ್ಸು ಹಿಡಿಯುತ್ತಿದ್ದಳು, ಜೊತೆಗೆ ನಾನು. ಪ್ರತಿ ಸಲ ಅದೇ ಮಾತು: “ಯಾದ್ಯಾಗ ನಿಮ್ಮ ಹೆಸರ ಇಲ್ಲರಿ.” ಯಾಕೆ ಬಿಟ್ಟುಹೋಯಿತು ಎಂದು ಕೇಳಿದರೆ, “ನಾ ಒಳಗಿದ್ದೆರಿ” ಎನ್ನುತ್ತಿದ್ದಳು. ನನ್ನ ಕಡೆ ಒಮ್ಮೆಯೂ ಬೆರಳು ಮಾಡಲಿಲ್ಲ. ನಾನು — ನಾನು ಗೋಡೆ ನೋಡುತ್ತ ನಿಂತಿರುತ್ತಿದ್ದೆ.

ಒಂದು ದಿನ ಬಸ್ಸಿನಲ್ಲಿ ತಡೆಯಲಾಗಲಿಲ್ಲ. “ನನ್ನ ಬಾಯಿಂದ ನಿನ್ನ ಮನಿ ಹೋತವ್ವಾ” ಎಂದೆ.

“ಸುಮ್ನಿರ ಅಕ್ಕಾ. ಹೊಳಿಗೇ ಬೈಲಿಲ್ಲ ನಾ, ನಿನಗ ಬೈತೇನೇನು?” ಎಂದು ನನ್ನ ಮಡಿಲಿಗೆ ಶೇಂಗಾ ಸುರಿದಳು.

ಕಡೆಗೆ ಅವಳ ಮನೆ ಹೊಳೆಗೆ ಹೋದದ್ದು ನಿಜವೆಂದು ಓಣಿಯವರೆಲ್ಲ ಸಹಿ ಮಾಡಿಕೊಟ್ಟರು. ಹೋದ ವರ್ಷ ಅವಳ ಹೆಸರಿಗೆ ಮನೆಯ ಹಕ್ಕುಪತ್ರ ಬಂತು. ಗೋಡೆ ಎದ್ದವು. ದಿನಾ ಮುಂಜಾನೆ ಗೋಡೆಗೆ ನೀರು ಹೊಡೆದೇ ಶಾಲೆಗೆ ಬರುತ್ತಿದ್ದಳು. “ಒಲಿ ಬಾಜೂಕ ಒಂದು ಕಟ್ಟಿ ಮಾಡಸ್ತೇನಿ. ನೀ ಅದರ ಮ್ಯಾಲ ಕುಂತು, ಕೆಲಸಕ್ಕ ಕೈ ಹಚ್ಚದಂಗ, ನಾ ಮಾಡಿದ್ದು ಉಣಬೇಕು” ಎಂದಿದ್ದಳು. ಹೋದ ಮಂಗಳವಾರ ಆ ಗೋಡೆಗಳ ಮುಂದೆಯೇ ಎದೆ ಹಿಡಿದು ಕುಸಿದಳು. ಮೇಲೆ ಇನ್ನೂ ಸ್ಲ್ಯಾಬ್ ಬಿದ್ದಿಲ್ಲ. ತನ್ನ ಸೂರಿನ ಕೆಳಗೆ ಅವಳು ಒಂದು ದಿನವೂ ಮಲಗಲಿಲ್ಲ.

ತಬಸ್ಸುಮ್, ಹಕ್ಕುಪತ್ರಕ್ಕೆ ಇನ್ನು ವಾರಸುದಾರರ ಹೆಸರು ಏರಿಸಬೇಕು. ಮತ್ತೆ ಅದೇ ಕಚೇರಿ, ಅದೇ ಪ್ರಶ್ನೆ. ಸೋಮವಾರ ನಾನು ನಿನ್ನ ಜೊತೆ ಬರುತ್ತೇನೆ. ಹೆಸರು ಯಾಕೆ ತಡವಾಗಿ ಬಂತೆಂದು ಕೇಳಿದರೆ ನೀನು ಮಾತಾಡಬೇಡ. ನಾನು ಹೇಳುತ್ತೇನೆ. ಅವಳು ಇದ್ದಾಗಲೇ ಹೇಳಬೇಕಿತ್ತು — ಹೇಳಲಿಲ್ಲ.

ಎಲ್ಲರೂ ಏಳಿ. ಮಕ್ಕಳೇ, ನೀವೂ. ನಿಮಗೆ ಬಡಿಸುವಾಗ ಅವಳು ಒಂದು ದಿನವೂ ಕುಳಿತವಳಲ್ಲ. ಎರಡು ನಿಮಿಷ ಅವಳಿಗಾಗಿ ನಿಲ್ಲೋಣ, ಮಾತಿಲ್ಲದೆ.