ಅಜ್ಜಿಯ ಸೊಂಟದಿಂದ ಇಳಿದ ಮೊಮ್ಮಗಳು

ಇರುವೆ ಸೀನಿದರೂ ಕೇಳುವ ಕಿವಿ ನನ್ನದು. ಮಕ್ಕಳ ಡಾಕ್ಟರ ಬಾಗಿಲಲ್ಲಿ ಸಾವಿರ ಕೂಸು ಅಳುತ್ತಿದ್ದರೂ ಪಕ್ಕದ ಬೆಂಚಿನ ತಾಯಿ-ಮಗನ ಮಾತು ಒಂದಕ್ಷರ ತಪ್ಪಲಿಲ್ಲ. ತಾಯಿಯ ಸೊಂಟದ ಮೇಲೆ ಆನೆಮರಿಯಂಥ ಮೊಮ್ಮಗಳು.

“ಅಮ್ಮಾ, ಕೆಳಗಿಳಿಸು. ಬರೋ ತಿಂಗಳು ವರ್ಷ ತುಂಬುತ್ತೆ, ಇನ್ನೂ ತೆವಳೋದೂ ಇಲ್ಲ.”

“ನೆಲ ಗಲೀಜು ಕಣೋ.”

“ಮನೇಲಿ ನೆಲ ತಣ್ಣಗಿದೆ ಅಂತೀಯ. ಕಾಲು ಸರಿಯಾಗಿದೆ, ನೆಲಕ್ಕೆ ಬಿಡಿ ಅಂತ ಡಾಕ್ಟರೇ ಹೇಳಿಲ್ವಾ?”

“ನಿನ್ನನ್ನೂ ಹೀಗೇ ಹೊತ್ತು ಸಾಕಿದ್ದು.”

“ಅದಕ್ಕೇ ಒಂದು ಲೋಟ ನೀರಿಗೂ ಎದ್ದೇಳಲ್ಲ ಅಂತ ನಿನ್ನ ಸೊಸೆ ನನ್ನನ್ನ ಬೈಯೋದು.”

ಅಜ್ಜಿಯ ದನಿ ಇಳಿಯಿತು. “ನಡೆಯೋಕೆ ಕಲಿತರೆ ನನ್ನ ಹತ್ರ ಯಾಕೆ ಬರ್ತಾಳೋ?”

“ಓಡಿ ಬರ್ತಾಳೆ. ಇಳಿಸಮ್ಮ.”

ಮಗ ಟವೆಲ್ ಹಾಸಿದ. ಇಳಿಸಿದ್ದೇ ತಡ, ಸೂರು ಹಾರಿಹೋಗುವಂಥ ಅಳು. ಕರುಣಾಮಯಿಯಾದ ನಾನು ಕೈ ಚಾಚಿದೆ.

“ಯಾರೂ ಎತ್ತಬಾರದು!” ಅಜ್ಜಿ ಗುಡುಗಿದರು.

ಅಷ್ಟರಲ್ಲಿ ನರ್ಸ್ ಕರೆದರು. ಅಜ್ಜಿ ನೆಲದ ಮೇಲೇ ಕೂತು ಕೈ ನೀಡಿದರು. “ಬಾ ಬಂಗಾರ, ಡಾಕ್ಟರು ಕಾಯ್ಲಿ ಬಿಡು.”

ಕೂಸು ಹೊಟ್ಟೆ ಎಳೆದುಕೊಂಡು ಒಂದು ಗೇಣು ಮುಂದೆ ಬಂತು. ಅಜ್ಜಿ ಕಣ್ಣೊರೆಸಿಕೊಂಡು ಒಂದು ಗೇಣು ಹಿಂದೆ ಸರಿದರು. ನನ್ನ ಗಡ್ಡ ಮೊಣಕಾಲು ಮುಟ್ಟುವಷ್ಟು ಹೊತ್ತು ಹೀಗೇ ಸಾಗಿ, ಇಬ್ಬರೂ ಬಾಗಿಲು ದಾಟಿದರು.