ಈ ವರ್ಷ ಯುಗಾದಿ ಇಲ್ಲ

ಹೊಳೆನರಸೀಪುರದಲ್ಲಿ ಹಾಸನದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಹೊನ್ನಕ್ಕ, ಹಾಸ್ಟೆಲಿನಲ್ಲಿದ್ದ ಮಗನಿಗೆಂದು ಹುರಿಹಿಟ್ಟಿನ ಗಂಟು ಹಿಡಿದು ಕೂತಿದ್ದಳು. ಜೊತೆಗೆ ಅವಳ ಮಾವ ಮಂಚಯ್ಯ.

“ನಾನೂ ಬತ್ತೀನಿ ಕಣವ್ವ, ಮೊಮ್ಮಗನ್ನ ನೋಡ್ಬೇಕು.”

“ನೀವ್ ಬರಂಗಿಲ್ಲ ಮಾವ. ನೀವ್ ಸತ್ತೋದ್ರಿ ಅಂತ ಅವ್ನಿಗೆ ಏಳ್ಬುಟ್ಟಿವ್ನಿ.”

“ಯಾಕವ್ವ?”

“ಸಾವಾದ್ ಮನೇಲಿ ಆ ವರ್ಸ ಯುಗಾದಿ ಇಲ್ಲ, ಅವ್ನು ಊರಿಗ್ ಬರಕಿಲ್ಲ. ನಮ್ಮೂರಿಂದ ಕಾಲೇಜ್ ಸೇರ್ದೋರೆಲ್ಲ ಅಬ್ಬಕ್ ಅಂತ ಬಂದು ಇಲ್ಲೇ ನಿಂತ್ಕಂಡ್ರು. ಒಬ್ನಾದ್ರೂ ಬಿ.ಎ. ಪಾಸಾದ್ನಾ?”

“ತಿಥಿಗೆ ಬತ್ತಿದ್ನಲ್ಲ?”

“ತಿಥೀನೂ ಆಗೋಯ್ತು ಅಂದೆ.”

ಮುದುಕ ಎಲೆಗೆ ಸುಣ್ಣ ಸವರಿದ.

“ಅತ್ನಾ?”

“ಬಾಳ ಅತ್ತ ಮಾವ. ಊಟಾನೇ ಮಾಡ್ನಿಲ್ಲ.”

“ಪರೀಕ್ಸೆ ಯಾವಾಗ?”

“ಬರೋ ತಿಂಗ್ಳು.”

ಬಸ್ಸು ಬಂತು. ಹೊನ್ನಕ್ಕ ಹತ್ತಿದಳು. ಮಂಚಯ್ಯ ಕೆಳಗೇ ನಿಂತು ಗಂಟನ್ನು ಎತ್ತಿ ಕೊಟ್ಟ.

“ಓಗ್ಬುಟ್ ಬಾ. ಅವ್ನು ಪಾಸಾಗಗಂಟ ಸತ್ತಿರ್ತೀನಿ.”